ಹದಿನೇಳನೆಯದು

ಅರವತ್ತೆರಡಲ್ಲ, ಅರವತ್ತೊಂದು ಎಂದು ಹೆಂಡತಿ ಅಡುಗೆಮನೆಯ ಮೇಜಿನಿಂದಲೇ ಹೇಳಿದಾಗ ಅವನು ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದು ನಿಂತಿದ್ದ. ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷಗಳಿಂದ ಕಂಡವರ ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತ ಬಂದವಳು. ಅವನ ಪ್ರಬಂಧಗಳ ಪಟ್ಟಿಯನ್ನು ಅವಳ ಕೈಗೆ ಕೊಟ್ಟದ್ದು ಅಕ್ಷರ ನೋಡಲಿಕ್ಕೇ ಹೊರತು ಎಣಿಸಲಿಕ್ಕಲ್ಲ. ನಲವತ್ತನೆಯದೂ ನಲವತ್ತೊಂದನೆಯದೂ ಒಂದೇ, ತಲೆಬರಹದ ಪದಗಳು ಹಿಂದುಮುಂದಾಗಿವೆ ಅಷ್ಟೆ ಎಂದಳು. ಒಂದು ಸಮ್ಮೇಳನದಲ್ಲಿ ಓದಿದ್ದು, ಇನ್ನೊಂದು ಪತ್ರಿಕೆಯಲ್ಲಿ ಬಂದದ್ದು ಎಂದು ಅವನು ನೊರೆ ಮೆತ್ತಿದ ಬಾಯಿಂದಲೇ ಸಮಜಾಯಿಷಿ ಕೊಟ್ಟ. ಒಳಗಿರುವುದು ಬೇರೆಯೇ ಎಂದು ಅವಳು ಕೇಳಿದಳು. ಬೇರೆ ಇರಲಿಲ್ಲ. ಅವನು ನಲ್ಲಿ ತಿರುಗಿಸಿ ಬ್ಲೇಡನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. ಹೊರಗೆ ಬಂದಾಗ ಅವಳು ಚಹಾ ಬಗ್ಗಿಸಿಟ್ಟು, ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸುತ್ತಿದ್ದಳು. "ಇನ್ನೊಂದು ಹೇಳಲಾ? ನಂಗೆ ನಿಮ್ಮ ಕೆಮಿಸ್ಟ್ರಿ ಗೊತ್ತಿಲ್ಲ. ಆದ್ರೆ ಹದಿನೇಳನೇದು ಬಂದ್ಮೇಲೆ ಬಂದಿದ್ದೆಲ್ಲ ಹದಿನೇಳನೇದೇ. ಅದೇ ಪದ, ಅದೇ ವಾಕ್ಯ. ಬರೆಯೋಕೆ ಬೇಜಾರಾಗ್ಲಿಲ್ವಾ?" ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಅವನಿಗೆ ಅನ್ನಿಸಿತು. ಚಹಾ ಬಿಸಿಯಾಗಿದೆ ಎಂದಷ್ಟೇ ಹೇಳಿ ಅರ್ಧ ಕುಡಿದು ಎದ್ದ.

ಹಾಳೆಗಳು ಹೋಗಬೇಕಾದ್ದು ಸಂಸ್ಥೆಯ ಕಚೇರಿಗೆ, ಸಂಜೆ ನಾಲ್ಕರೊಳಗೆ. ಪೂರ್ಣ ಪ್ರಾಧ್ಯಾಪಕನ ಹುದ್ದೆಗೆ ಅವನು ಅರ್ಜಿ ಹಾಕುತ್ತಿರುವುದು ಇದು ಮೂರನೆಯ ಸಲ. ಮೊದಲ ಸಲ ಇನ್ನೂ ಕಾಯಿರಿ ಎಂದಿದ್ದರು. ಎರಡನೆಯ ಸಲ ಅದನ್ನೂ ಹೇಳಲಿಲ್ಲ. ಐವತ್ತಮೂರು ದಾಟಿದರೆ ಆಮೇಲೆ ಕೇಳುವಂತೆಯೇ ಇಲ್ಲ, ಅವನಿಗೆ ಐವತ್ತೆರಡೂವರೆ. ಫಾರ್ಮಿನ ಕೊನೆಯ ಪುಟದಲ್ಲಿ ಒಂದು ಚೌಕವಿತ್ತು. ನಿಮ್ಮ ಅತಿ ಮುಖ್ಯ ಕೆಲಸ ಯಾವುದು, ಯಾಕೆ, ನೂರು ಪದಗಳಲ್ಲಿ ಬರೆಯಿರಿ. ಅಲ್ಲಿ ಹದಿನೇಳನೆಯದನ್ನು ಬಿಟ್ಟು ಬರೆಯಲು ಬೇರೇನೂ ಇರಲಿಲ್ಲ. ಇಂಗಾಲದ ಎರಡು ಉಂಗುರಗಳನ್ನು ಒಂದಕ್ಕೊಂದು ಜೋಡಿಸುವ ಕ್ರಿಯೆ ಅದು. ಔಷಧಿ ಮಾಡುವವರಿಗೆ ದಿನವೂ ಬೇಕಾದ್ದು. ಎಲ್ಲರೂ ಅದನ್ನು ಪಲ್ಲಾಡಿಯಂ ಎಂಬ ದುಬಾರಿ ಲೋಹದಿಂದ ಮಾಡುತ್ತಿದ್ದಾಗ ಅವನು ಸಾಮಾನ್ಯ ಕಬ್ಬಿಣದ ಉಪ್ಪಿನಿಂದ ಮಾಡಿ ತೋರಿಸಿದ್ದ. ಮಗಳು ಏಳನೆಯ ತರಗತಿಯಲ್ಲಿದ್ದಾಗ, ಅಪ್ಪ ನೀನು ಕಂಡುಹಿಡಿದಿದ್ದು ಏನು ಎಂದು ಕೇಳಿದ್ದಳು. ಒಬ್ಬರ ಮುಖ ಒಬ್ಬರು ನೋಡದ ಇಬ್ಬರನ್ನು ಕೂಡಿಸಿ ತಾನು ಪಕ್ಕಕ್ಕೆ ಸರಿಯುವವನಿಗೆ ವೇಗವರ್ಧಕ ಅಂತಾರೆ ಎಂದು ಅವನು ಸಡಗರದಿಂದ ವಿವರಿಸಿದ್ದ. ಅವಳು ಒಂದು ಗಳಿಗೆ ಯೋಚಿಸಿ, "ಅಂದ್ರೆ ದಲ್ಲಾಳಿ. ನೀನು ಕಮಿಷನ್ ಕಮ್ಮಿ ಇರೋ ದಲ್ಲಾಳಿ ಹುಡುಕಿದೀಯ" ಎಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಇಂದು ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ ಆ ಮಾತು ನೆನಪಾಗಿ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ಹೊಳೆಯಲಿಲ್ಲ.

ಸಂಸ್ಥೆಯ ಅವನ ಕೋಣೆಯ ಮೇಜಿನ ಮೇಲೆ, ಹಸಿರು ಫೈಲೊಂದರಲ್ಲಿ, ನಾಲ್ಕರೊಳಗೆ ಹೋಗಬೇಕಾದ ಇನ್ನೊಂದು ಹಾಳೆಯಿತ್ತು. ಅವನ ಕೈಕೆಳಗೆ ಮೂರನೆಯ ವರ್ಷ ಸಂಶೋಧನೆ ಮಾಡುತ್ತಿದ್ದ ಹುಡುಗಿಯ ವಾರ್ಷಿಕ ವರದಿ. ಲ್ಯಾಬಿನವರು ಅವಳನ್ನು ಚೀಟಿ ಎಂದು ಕರೆಯುತ್ತಿದ್ದರು, ಯಾಕೆಂದರೆ ಅವಳು ಕಂಡದ್ದಕ್ಕೆಲ್ಲ ಚೀಟಿ ಅಂಟಿಸುತ್ತಿದ್ದಳು. ಸೀಸೆ, ಬಟ್ಟಲು, ಫ್ರಿಜ್ಜಿನ ಬಾಗಿಲು, ತನ್ನ ಚಹಾದ ಮಗ್ಗು ಕೂಡ. ತಮಾಷೆಯೆಂದರೆ ಅದು ಅವನೇ ಮಾಡಿದ ಕಾನೂನು. ಒಳಗೇನಿದೆ, ಯಾವತ್ತು ಮಾಡಿದ್ದು, ಯಾರು ಮಾಡಿದ್ದು, ಈ ಮೂರನ್ನು ಮಾಡಿದವರೇ ಬರೆದಿರದ ಯಾವುದನ್ನೂ ಇಲ್ಲಿ ಇಡಕೂಡದು ಎಂದು ಹದಿನೈದು ವರ್ಷದ ಹಿಂದೆ ಅವನೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದ. ಉಳಿದವರು ಅದನ್ನು ಗೋಡೆಯ ಬಣ್ಣವೆಂದುಕೊಂಡಿದ್ದರು, ಅವಳೊಬ್ಬಳು ಓದಿದ್ದಳು. ಏಳು ತಿಂಗಳಿಂದ ಅವಳಿಗೆ ಹದಿನೇಳನೆಯ ಪ್ರಬಂಧದ ಕ್ರಿಯೆ ಬರುತ್ತಿರಲಿಲ್ಲ. ಉಂಗುರಗಳು ಉಂಗುರಗಳಾಗಿಯೇ ಉಳಿಯುತ್ತಿದ್ದವು. ಅವಳು ಹೊಸದೇನನ್ನೂ ಮಾಡುತ್ತಿರಲಿಲ್ಲ. ಅದನ್ನು ಒಮ್ಮೆ ಮಾಡಿಕೊಂಡು ಮುಂದಿನ ಮೆಟ್ಟಿಲು ಹತ್ತಬೇಕಿತ್ತು, ಅಷ್ಟೆ. ಕಳೆದ ಸೋಮವಾರದ ಸಭೆಯಲ್ಲಿ ಅವಳು ಮೂವತ್ತೆರಡನೆಯ ಸೊನ್ನೆಯನ್ನು ಪರದೆಯ ಮೇಲೆ ತೋರಿಸಿದಾಗ ಅವನಿಗೆ ತಲೆ ಕೆಟ್ಟಿತ್ತು. "ನೋಡಮ್ಮ, ಕೆಲವರಿಗೆ ಕೈಗುಣ ಇರುತ್ತೆ, ಕೆಲವರಿಗೆ ಇರಲ್ಲ. ಅದು ಓದಿ ಬರೋದಲ್ಲ" ಎಂದುಬಿಟ್ಟಿದ್ದ, ಎಂಟು ಜನರ ಎದುರಿಗೆ. ಅವಳು ಆಗಲಿ ಸರ್ ಎಂದು ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋಗಿದ್ದಳು. ಅವಳ ಕಿವಿ ಕೆಂಪಾಗಿದ್ದನ್ನು ನೋಡಿಯೂ ನೋಡದವನ ಹಾಗೆ ಅವನು ಕೂತಿದ್ದ. ವರದಿಯಲ್ಲಿ ಒಂದು ಪದ ಬರೆದು ಸಹಿ ಹಾಕಬೇಕಿತ್ತು. ತೃಪ್ತಿಕರ ಎಂದರೆ ಅವಳು ಉಳಿಯುತ್ತಾಳೆ, ಅಲ್ಲ ಎಂದರೆ ಮೂರು ವರ್ಷಕ್ಕೆ ಎಳ್ಳುನೀರು ಬಿಟ್ಟು ಮನೆಗೆ ಹೋಗುತ್ತಾಳೆ. ಅವನು ಅಲ್ಲ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ, ಪೆನ್ನಿನಲ್ಲಿ ಬರೆಯಲು ಇವತ್ತಿನವರೆಗೆ ಮನಸ್ಸಾಗಿರಲಿಲ್ಲ.

ಅವಳೇ ಬಂದಳು, ಒಂಬತ್ತೂ ಕಾಲಿಗೆ, ಬಾಗಿಲು ತಟ್ಟಿ. ಮುಖ ಬಾಡಿತ್ತಾದರೂ ತಲೆ ಬಾಚಿ ನೀಟಾಗಿ ಬಂದಿದ್ದಳು. ವರದಿ ಕಳಿಸುವ ಮುಂಚೆ ಇನ್ನೊಂದು ಸಲ ಪ್ರಯತ್ನಿಸುತ್ತೇನೆ, ಮಧ್ಯಾಹ್ನದವರೆಗೆ ಸಮಯ ಕೊಡಿ ಎಂದಳು. ಬೇಡುವವಳ ದನಿಯಾಗಿರಲಿಲ್ಲ ಅದು, ಸರದಿಯಲ್ಲಿ ತನ್ನ ಪಾಳಿ ಕೇಳುವವಳ ದನಿ. ಅದರಿಂದಲೇ ಇರಬೇಕು, ಅವನಿಗೆ ರೇಗಿತು. ನೀನು ಮಾಡು, ನಿನ್ನ ಪಕ್ಕದಲ್ಲೇ ನಿಂತು ನಾನೂ ಮಾಡ್ತೀನಿ, ಅದೇ ಸೀಸೆಗಳಿಂದ ತಗೊಂಡು, ಆಮೇಲೆ ಮಾತಾಡೋಣ ಎಂದ. ಹೇಳಿ ಮುಗಿಸಿದ ಮೇಲೆ ಭಯವಾಯಿತು. ಆರು ವರ್ಷಗಳಿಂದ ಅವನು ಒಂದು ಸೀಸೆಯ ಬಿರಡೆ ತೆಗೆದವನಲ್ಲ. ಕೈಗಳು ಫಾರ್ಮು ತುಂಬುವ, ಶಿಫಾರಸು ಪತ್ರ ಟೈಪು ಮಾಡುವ ಕೈಗಳಾಗಿದ್ದವು. ಬಾಗಿಲ ಹಿಂದೆ ನೇತುಹಾಕಿದ್ದ ಬಿಳಿ ಕೋಟು ಹೊಟ್ಟೆಯ ಹತ್ತಿರ ಕೂಡಲೊಲ್ಲದು. ಲ್ಯಾಬಿಗೆ ಕಾಲಿಟ್ಟಾಗ ಯಾರೋ ನಗು ಕೆಮ್ಮಾಗಿಸಿದರು. ಕಲಕಲು ಮ್ಯಾಗ್ನೆಟ್ಟು ಬೇಕಲ್ಲ ಎಂದು ವಾಪಸು ಕೋಣೆಗೆ ಬಂದು, ಪೆನ್ನಿನ ಡಬ್ಬಿಯ ತಳದಿಂದ ತನ್ನದನ್ನು ತೆಗೆದುಕೊಂಡ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ದ್ರವದೊಳಗೆ ಹಾಕಿ ಒಲೆಯ ಮೇಲಿಟ್ಟರೆ ತಾನೇ ಗಿರಗಿರ ತಿರುಗಿ ಕಲಕುವಂಥದ್ದು. ಮೈಗೆ ಆಮ್ಲಕ್ಕೂ ಕರಗದ ಪ್ಲಾಸ್ಟಿಕ್ಕಿನ ಹೊದಿಕೆ, ಹೊಸದಾಗಿದ್ದಾಗ ಬೆಳ್ಳಗಿತ್ತು, ಈಗ ಬೂದಿಬಣ್ಣ, ಮೈತುಂಬ ಗೀರು. ಹದಿನೇಳನೆಯ ಪ್ರಬಂಧ ಅಚ್ಚಾದ ದಿನ ಅವನ ಮೊದಲ ಶಿಷ್ಯ, ಇದರಲ್ಲೇ ಸರ್ ಎಲ್ಲಾ ಮಾಡಿದ್ದು, ನೀವೇ ಇಟ್ಕೊಳ್ಳಿ ಎಂದು ಕೊಟ್ಟಿದ್ದ. ಅದರ ಜೊತೆಯವು ಒಂದು ಡಬ್ಬಿಯಷ್ಟು ಲ್ಯಾಬಿನಲ್ಲೇ ಇದ್ದವು. ಹೋದ ವರ್ಷ ತಪಾಸಣೆಯವರು ಬರುತ್ತಾರೆಂದು ಅವನೇ ನಿಂತು ಹಳೆಯದನ್ನೆಲ್ಲ ಎಸೆಸಿ ಹೊಸದು ತರಿಸಿದ್ದ.

ತೂಗಿ, ಸುರಿದು, ಗಾಳಿ ತೆಗೆದು, ಬಿರಡೆ ಹಾಕಿದ. ಕೈ ಮರೆತಿರಲಿಲ್ಲ. ಕಬ್ಬಿಣದ ಉಪ್ಪು ಚಮಚದಿಂದ ಜಾರಿ ಸೀಸೆಯ ಕುತ್ತಿಗೆಗೆ ಅಂಟಿದಾಗ ಅದನ್ನು ಎರಡು ಹನಿ ದ್ರಾವಕದಿಂದ ತೊಳೆದು ಇಳಿಸುವ ಕುಶಲತೆ ತಾನೇ ತಾನಾಗಿ ಬಂತು, ಅವನಿಗೆ ಇದ್ದಕ್ಕಿದ್ದಂತೆ ಸುಖವೆನಿಸಿತು. ಇಷ್ಟು ವರ್ಷ ಇದನ್ನು ಬಿಟ್ಟು ಏನು ಮಾಡುತ್ತಿದ್ದೆ ಎಂದುಕೊಂಡ. ಪಕ್ಕದಲ್ಲಿ ಚೀಟಿ ಅವನಿಗಿಂತ ನಿಧಾನ, ಅವನಿಗಿಂತ ಶುದ್ಧ. ಒಂದು ಕಣವನ್ನೂ ಚೆಲ್ಲಲಿಲ್ಲ. ಮೊದಲ ಶಿಷ್ಯ ಹೀಗಿರಲಿಲ್ಲ, ಸೀಟಿ ಊದುತ್ತ ಕೆಲಸ ಮಾಡುತ್ತಿದ್ದ, ಕೋಟಿನ ತೋಳಿಗೆ ಕೈ ಒರೆಸಿಕೊಳ್ಳುತ್ತಿದ್ದ. ಕಬ್ಬಿಣಕ್ಕೆ ಬರುವ ಮುಂಚೆ ಎರಡು ವರ್ಷ ಆ ದುಬಾರಿ ಲೋಹದ ಜೊತೆಯೇ ಹೆಣಗಿದ್ದವನು. ಮುಟ್ಟಿದ್ದೆಲ್ಲ ಆಗುತ್ತಿತ್ತು ಅವನಿಗೆ. ಕೈಗುಣದ ಮಾತು ಲ್ಯಾಬಿನಲ್ಲಿ ಹುಟ್ಟಿದ್ದೇ ಅವನಿಂದ. ಒಂದು ದಿನ ಮಾತ್ರ ಅವನು ಸೀಟಿ ಊದದೆ ಒಳಗೆ ಬಂದಿದ್ದ. ಕಬ್ಬಿಣ ಹಾಕದೆಯೂ ಸ್ವಲ್ಪ ಬರ್ತಿದೆ ಸರ್, ನೂರಕ್ಕೆ ಮೂವತ್ತು ಎಂದು ನಿಂತಿದ್ದ. ಪ್ರಬಂಧ ಕಳಿಸಲು ನಾಲ್ಕು ದಿನವಿತ್ತು. ಇನ್ನೊಂದು ದೇಶದಲ್ಲಿ ಇನ್ಯಾರೋ ಅದನ್ನೇ ಮಾಡುತ್ತಿದ್ದಾರೆ ಎಂಬ ಸುದ್ದಿಯಿತ್ತು. ಪಾತ್ರೆ ಸರಿಯಾಗಿ ತೊಳೆದಿಲ್ಲ ನೀನು, ಎಲ್ಲಾ ಹೊಸದು ತಗೊಂಡು ಕಬ್ಬಿಣ ಇಲ್ಲದೆ ಮತ್ತೆ ಮಾಡು ಎಂದಿದ್ದ ಇವನು. ಹೊಸ ಸೀಸೆ, ಹೊಸ ಮ್ಯಾಗ್ನೆಟ್ಟು ತೆಗೆದುಕೊಂಡು ಮಾಡಿದಾಗ ಸೊನ್ನೆ ಬಂತು. ಇಬ್ಬರೂ ಚಹಾ ಕುಡಿದು ಬಂದು ಆ ಸೊನ್ನೆಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಹಾಕಿದ್ದರು.

ಎಂಬತ್ತು ಡಿಗ್ರಿಯಲ್ಲಿ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಫಾರ್ಮಿನ ಚೌಕ ತುಂಬಿಸೋಣವೆಂದು ಕೂತ. ಸರಳ, ಅಗ್ಗ, ಹಸಿರು ಎಂದು ಬರೆದು ಹೆಂಡತಿಯ ಕೆಂಪು ಪೆನ್ನು ನೆನಪಾಗಿ ಹೊಡೆದುಹಾಕಿದ. ಕಚೇರಿಯ ಗುಮಾಸ್ತೆ ಎರಡು ಸಲ ಫೋನು ಮಾಡಿ, ಹೋದ ಸಲದಂತೆ ನಾಲ್ಕೂ ಹತ್ತಕ್ಕೆ ಬಂದು ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ ಎಂದರು. ಹೋದ ಸಲ ಅವನು ಮೂರೂ ಐವತ್ತಕ್ಕೇ ಹೋಗಿದ್ದ, ಅವರ ಗೋಡೆ ಗಡಿಯಾರ ಮುಂದಿತ್ತು. ಅದನ್ನು ಹೇಳದೆ ಆಗಲಿ ಎಂದ. ಆಗಲಿ ಎಂದು ಅಂದಂದೇ ಅವನ ಅರ್ಧ ಆಯಸ್ಸು ಕಳೆದಿತ್ತು. ಹನ್ನೆರಡೂವರೆಗೆ ಲ್ಯಾಬಿಗೆ ಹೋದಾಗ ಎಂಟೂ ಜನ ಕೆಲಸ ಬಿಟ್ಟು ಕಾಯುತ್ತಿದ್ದರು. ಎರಡು ಸೀಸೆಗಳಿಂದಲೂ ಚೀಟಿಯೇ ಒಂದೊಂದು ಚುಕ್ಕೆ ತೆಗೆದು ಒಂದು ಪಟ್ಟಿಯ ಮೇಲೆ ಅಕ್ಕಪಕ್ಕ ಇಟ್ಟು, ದ್ರಾವಕದಲ್ಲಿ ಏರಿಸಿ, ಒಣಗಿಸಿ, ಕತ್ತಲ ಪೆಟ್ಟಿಗೆಯ ನೇರಳೆ ದೀಪದ ಕೆಳಗೆ ಹಿಡಿದಳು. ಅವಳ ಚುಕ್ಕೆ ಇದ್ದಲ್ಲೇ ಮಂಕಾಗಿ ಕೂತಿತ್ತು. ಅವನದರ ಮೇಲೆ, ಒಂದು ಬೆರಳು ಎತ್ತರದಲ್ಲಿ, ನೀಲಿ ಚುಕ್ಕೆಯೊಂದು ಹೊಳೆಯುತ್ತಿತ್ತು. ಕೂಡಿದ ಉಂಗುರಗಳು ಮಾತ್ರ ಹಾಗೆ ಹೊಳೆಯುವುದು.

ಯಾರೋ ಚಪ್ಪಾಳೆ ತಟ್ಟಿದರು. ಸರ್ ಕೈಗುಣ ಅಂದ್ರೆ ಸುಮ್ನೇನಾ ಎಂದು ಹಿಂದಿನಿಂದ ಒಬ್ಬ ಅಂದ. ಅವನಿಗೆ ಹಿಗ್ಗಾಯಿತು, ನಾಚಿಕೆಯಿಲ್ಲದ ಹಿಗ್ಗು. ಎರಡು ಸಲ ತಿರಸ್ಕರಿಸಿದವರೆಲ್ಲ ಈ ಪೆಟ್ಟಿಗೆಗೆ ಕಣ್ಣು ಹಚ್ಚಿ ನೋಡಲಿ ಎನ್ನಿಸಿತು. ಸೀಸೆಯನ್ನು ಬಗ್ಗಿಸಿ ಮ್ಯಾಗ್ನೆಟ್ಟನ್ನು ಚಿಮಟದಿಂದ ಎತ್ತಿ ಒರೆಸಿಕೊಳ್ಳುತ್ತ ಅವನು ಸೌಜನ್ಯದ ನಾಲ್ಕು ಮಾತು ಹುಡುಕುತ್ತಿದ್ದ. ಬೇಸರ ಮಾಡ್ಕೋಬೇಡ, ಎಲ್ಲರಿಗೂ ಎಲ್ಲವೂ ಒಲಿಯಲ್ಲ ಎನ್ನುವಂಥದ್ದು. ಚೀಟಿ ಅವನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು.

"ಸರ್, ಅದನ್ನ ನಂಗೆ ಕೊಡ್ತೀರಾ? ಕಬ್ಬಿಣ ಹಾಕದೆ ಒಂದು ಮಾಡಿ ನೋಡ್ತೀನಿ."

ಮೆಲ್ಲಗೆ ಹೇಳಿದ್ದಳು, ಚಪ್ಪಾಳೆಯ ಗಲಾಟೆಯಲ್ಲಿ ಬೇರೆ ಯಾರಿಗೂ ಕೇಳಲಿಲ್ಲ. ನಾಳೆ ಎಂದ. ಹೇಳಿ, ಮ್ಯಾಗ್ನೆಟ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು ತನ್ನ ಕೋಣೆಗೆ ಬಂದು ಬಾಗಿಲು ಹಾಕಿದ.

ಊಟದ ಡಬ್ಬಿ ಬಿಚ್ಚಿದ, ಒಳಗೆ ಏನಿದೆ ಎಂದು ನೋಡದೆ ಮುಚ್ಚಿದ. ಹಾಳೆಯೊಂದನ್ನು ಎಳೆದುಕೊಂಡು ನಾಲ್ಕು ಚೌಕ ಬರೆದ, ಶಾಲೆಯ ಮಕ್ಕಳಿಗೆ ಹೇಳಿಕೊಡುವವನ ಹಾಗೆ. ಹಳೆಯ ಮ್ಯಾಗ್ನೆಟ್ಟು, ಕಬ್ಬಿಣ ಇದೆ: ನೂರಕ್ಕೆ ಎಂಬತ್ತೇಳು, ಪ್ರಬಂಧಕ್ಕೆ ಹೆಸರು ತಂದದ್ದು. ಹಳೆಯ ಮ್ಯಾಗ್ನೆಟ್ಟು, ಕಬ್ಬಿಣ ಇಲ್ಲ: ಮೂವತ್ತು, ಅದನ್ನು ಕೊಳಕು ಪಾತ್ರೆ ಎಂದು ಗಾಳಿಗೆ ತೂರಿದ್ದು. ಹೊಸ ಮ್ಯಾಗ್ನೆಟ್ಟು, ಕಬ್ಬಿಣ ಇಲ್ಲ: ಸೊನ್ನೆ, ಅದನ್ನು ಅಚ್ಚು ಹಾಕಿಸಿದ್ದು. ನಾಲ್ಕನೆಯ ಚೌಕ, ಹೊಸ ಮ್ಯಾಗ್ನೆಟ್ಟು, ಕಬ್ಬಿಣ ಇದೆ. ಅದನ್ನು ಅಂದು ಯಾರೂ ಮಾಡಲಿಲ್ಲ. ಏಳು ತಿಂಗಳಿಂದ ಅವಳು ಮಾಡುತ್ತಿರುವುದು ಅದನ್ನೇ, ಮೂವತ್ತೆರಡು ಸಲ, ಇವತ್ತಿನದು ಸೇರಿದರೆ ಮೂವತ್ತಮೂರು, ಪ್ರತಿ ಸಲವೂ ಕೆಳಗೆ ದಿನಾಂಕ ಬರೆದು. ಅವಳ ಕೈಯಲ್ಲಿ ದೋಷವಿರಲಿಲ್ಲ, ಅವಳು ಕೊಳಕು ಮಾಡಿರಲಿಲ್ಲ, ಅದೇ ದೋಷವಾಗಿತ್ತು. ಆ ಗೀರುಗಳೊಳಗೆ ಹಳೆಯ ದುಬಾರಿ ಲೋಹ ಕಣ್ಣಿಗೆ ಕಾಣದಷ್ಟು ಕೂತಿತ್ತು. ಕಬ್ಬಿಣ ಅದಕ್ಕೆ ಕೈಯಾಳಾಗಿದ್ದಿರಬಹುದು, ಅಷ್ಟೆ. ಬೇರೆಯ ದಲ್ಲಾಳಿ ಮಾಡಿದ ಸಂಬಂಧಕ್ಕೆ ಅವನು ಹದಿನೈದು ವರ್ಷ ಹಾರ ಹಾಕಿಸಿಕೊಂಡಿದ್ದ. ಹಾಗಿರಲಿಕ್ಕಿಲ್ಲ ಎಂದು ಮತ್ತೊಮ್ಮೆ ಚೌಕ ಬರೆದ. ಹಾಗೆಯೇ ಇತ್ತು. ನಿಜ ಹೇಳಬೇಕೆಂದರೆ ಅದು ಹೊಸ ತಿಳಿವಳಿಕೆಯೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ದೂರದ ದೇಶದ ಯಾರೋ ಒಬ್ಬ ಹೆಂಗಸು ಪತ್ರ ಬರೆದಿದ್ದಳು. ನಮ್ಮಲ್ಲಿ ಬರುತ್ತಿಲ್ಲ, ದಯವಿಟ್ಟು ತಿಳಿಸಿ ಎಂದು. ತೇವಾಂಶ ನೋಡಿಕೊಳ್ಳಿ ಎಂದು ಒಂದು ಸಾಲು ಉತ್ತರ ಕೊಟ್ಟಿದ್ದ. ಮೊದಲ ಶಿಷ್ಯ ಕೂಡ ತನ್ನ ಹೊಸ ಕೆಲಸದಲ್ಲಿ ಪ್ರಯತ್ನಿಸಿ, ಇಲ್ಲಿ ಯಾಕೋ ಆಗ್ತಿಲ್ಲ ಸರ್, ನಮ್ಮ ಲ್ಯಾಬಿನ ಗಾಳಿಯೇ ಬೇರೆ ಎಂದು ಫೋನಿನಲ್ಲಿ ನಕ್ಕಿದ್ದ. ಆ ನಗು ಎಲ್ಲೋ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು, ಇವನೂ ನಕ್ಕು ಬಿಟ್ಟಿದ್ದ. ಎಲ್ಲಿಯೋ ಒಂದು ಕಡೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೋಟನ್ನು ಬಾಗಿಲ ಹಿಂದೆ ನೇತುಹಾಕಿ ಆರು ವರ್ಷ ಫಾರ್ಮು ತುಂಬುತ್ತ ಕೂತದ್ದು. ಈ ಕೊನೆಯ ವಾಕ್ಯ ತನ್ನದೇ ತಲೆಯಿಂದ ಬಂದದ್ದಕ್ಕೆ ಅವನಿಗೆ ಅದರ ಮೇಲೆ ಭಯಂಕರ ಸಿಟ್ಟು ಬಂತು.

ಸಿಟ್ಟು ಯಾರ ಮೇಲೆಂದು ಕೂಡಿಸಿ ನೋಡಿದರೆ ಎಲ್ಲರ ಮೇಲೂ ಇತ್ತು. ಸೀಟಿ ಊದುವವನ ಮೇಲೆ, ಪಾತ್ರೆ ತೊಳೆದಿಲ್ಲ ಎಂದಾಗ ತೊಳೆದಿದ್ದೇನೆ ಎಂದು ಅವನು ಹಟ ಹಿಡಿಯಲಿಲ್ಲವಲ್ಲ ಎಂದು. ಹೆಂಡತಿಯ ಮೇಲೆ, ಬೆಳಿಗ್ಗೆಯೇ ಬಾಯಿ ಬಿಟ್ಟಳಲ್ಲ ಎಂದು. ಚೀಟಿಯ ಮೇಲೆ ಎಲ್ಲರಿಗಿಂತ ಹೆಚ್ಚು. ಇನ್ನು ಆರು ತಿಂಗಳು, ಬರೀ ಆರು ತಿಂಗಳು ಆಮೇಲೆ ಕೇಳಿದ್ದರೆ ಏನಾಗುತ್ತಿತ್ತು ಅವಳಿಗೆ? ಆಗ ಅವನು ಪೂರ್ಣ ಪ್ರಾಧ್ಯಾಪಕನಾಗಿ, ದೊಡ್ಡ ಮನಸ್ಸು ಮಾಡಿ, ತಿದ್ದುಪಡಿಯೊಂದನ್ನು ತಾನೇ ಪ್ರಕಟಿಸುತ್ತಿದ್ದ. ಜನ ಬೆನ್ನು ತಟ್ಟುತ್ತಿದ್ದರು. ಜೇಬಿನೊಳಗೆ ಮ್ಯಾಗ್ನೆಟ್ಟು ಬೀಗದ ಕೈಗೊಂಚಲಿಗೆ ಅಂಟಿಕೊಂಡಿತ್ತು. ಬಿಡಿಸಿ ತೆಗೆದ. ಗಲೀಜಾಗಿದೆ, ತೊಳೆಯಬೇಕು ಎಂದುಕೊಂಡ. ಬಳಸಿದ ಪಾತ್ರೆ ತೊಳೆದಿಡುವುದರಲ್ಲಿ ತಪ್ಪೇನಿದೆ? ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವುದೇ ಅದನ್ನು. ಹಾಗೆಂದು ಜೋರಾಗಿಯೇ ಅಂದುಕೊಂಡು ಎದ್ದ. ಏಳುವ ಮೊದಲು ವರದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಅಲ್ಲ ಎಂಬುದನ್ನು ರಬ್ಬರಿನಿಂದ ಉಜ್ಜಿ, ತೃಪ್ತಿಕರ ಎಂದು ಪೆನ್ನಿನಲ್ಲಿ ಬರೆದು, ಸಹಿ ಹಾಕಿ, ತನ್ನ ಫಾರ್ಮಿನ ಜೊತೆ ಹಸಿರು ಫೈಲಿಗೆ ಸೇರಿಸಿದ. ಅವಳ ಮೂರು ವರ್ಷ ಉಳಿಯಿತು, ಯಾರಿಗೂ ಮೋಸವಾಗಲಿಲ್ಲ ಎಂದು ಲೆಕ್ಕ ಸರಿಯಾದವನಂತೆ ಉಸಿರು ಬಿಟ್ಟ.

ಪಾತ್ರೆ ತೊಳೆಯುವ ಕೋಣೆ ಹಜಾರದ ತುದಿಯಲ್ಲಿತ್ತು. ಊಟದ ಹೊತ್ತು ಕಳೆದು ಎಲ್ಲರೂ ತಮ್ಮ ತಮ್ಮ ಒಲೆಗಳಿಗೆ ಮರಳಿದ್ದರು, ಅಲ್ಲಿ ಯಾರೂ ಇರಲಿಲ್ಲ. ಹೊಗೆ ಎಳೆಯುವ ಗೂಡಿನೊಳಗೆ ಎರಡು ಆಮ್ಲಗಳನ್ನು ಬಟ್ಟಲಿನಲ್ಲಿ ಬೆರೆಸಿದ. ಚಿನ್ನವನ್ನೂ ಕರಗಿಸುವ ಮಿಶ್ರಣ ಅದು, ಗೀರುಗಳೊಳಗಿನ ಲೋಹ ಅದರ ಮುಂದೆ ಯಾವ ಲೆಕ್ಕ. ದ್ರವ ಮೆಲ್ಲಗೆ ಹಳದಿಗೆ ತಿರುಗಿತು. ಕನ್ನಡಕ ಹಾಕಿ, ಕೈಗವಸು ಹಾಕಿ, ಗಾಜನ್ನು ಅರ್ಧ ಇಳಿಸಿ, ನಿಯಮದಲ್ಲಿ ಹೇಳಿದಂತೆ ಎಲ್ಲವನ್ನೂ ಮಾಡಿದ. ಮ್ಯಾಗ್ನೆಟ್ಟನ್ನು ಚಿಮಟದ ತುದಿಯಲ್ಲಿ ಬಟ್ಟಲಿನ ಮೇಲೆ ಹಿಡಿದಾಗ ಮಾತ್ರ ಕೈ ನಿಂತಿತು. ಸೀಟಿ ಊದುವ ಹುಡುಗ ಅದನ್ನು ಕಾಗದದಲ್ಲಿ ಸುತ್ತಿ, ಉಡುಗೊರೆ ಅಂತ ಇದನ್ನ ಕೊಡೋಕೆ ನಾಚಿಕೆ ಆಗತ್ತೆ ಸರ್ ಎಂದದ್ದು, ಇಬ್ಬರ ಕಣ್ಣೂ ಒದ್ದೆಯಾಗಿದ್ದದ್ದು, ಅದೆಲ್ಲ ಸುಳ್ಳಾಗಿರಲಿಲ್ಲ. ಅವರಿಬ್ಬರೂ ನಂಬಿದ್ದರು. ನಂಬಿದ್ದಕ್ಕೆ ಶಿಕ್ಷೆ ಇಲ್ಲ. ಆದರೆ ಇದು ನಂಬಿಕೆಯಲ್ಲ, ಈಗ ಮಾಡುತ್ತಿರುವುದು. ಅವನಿಗೆ ಅದು ಸ್ಪಷ್ಟವಾಗಿ ತಿಳಿಯಿತು. ತಿಳಿದೂ ಚಿಮಟ ಸಡಿಲಿಸಿದ. ಮ್ಯಾಗ್ನೆಟ್ಟು ತಳಕ್ಕೆ ಬಡಿದು ಸಣ್ಣ ಸದ್ದಾಯಿತು. ಮೈಯಿಂದ ಗುಳ್ಳೆಗಳೆದ್ದವು. ಗೋಡೆ ಗಡಿಯಾರದಲ್ಲಿ ಎರಡೂ ಮುಕ್ಕಾಲಾಗಿತ್ತು; ಅರ್ಧ ಗಂಟೆ ಸಾಕು ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತ. ಬೂದಿಬಣ್ಣ ನೋಡನೋಡುತ್ತ ತೆಳುವಾಯಿತು. ಮೂರೂ ಕಾಲಿಗೆ ಮ್ಯಾಗ್ನೆಟ್ಟನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದಾಗ ಅದು ಗೀರುಗಳನ್ನು ಬಿಟ್ಟರೆ ಹೊಸದರಂತೆ ಬೆಳ್ಳಗಿತ್ತು.

ಬಾಗಿಲು ತೆರೆದ ಸದ್ದಿಗೆ ಅವನು ತಿರುಗಲಿಲ್ಲ. ಚೀಟಿ ಕೊಳೆ ಸೀಸೆಗಳ ತಟ್ಟೆ ಹಿಡಿದುಕೊಂಡು ಬಂದು, ಅವನು ನಿಂತಿರುವುದನ್ನು ನೋಡಿ, ತಟ್ಟೆಯನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟಳು. ನಿನ್ನ ವರದಿಗೆ ಸಹಿ ಹಾಕಿದ್ದೀನಿ, ತೃಪ್ತಿಕರ ಅಂತಲೇ ಬರೆದಿದ್ದೀನಿ ಎಂದು ಅವನು ಗೋಡೆಗೆ ಹೇಳಿದ. ಥ್ಯಾಂಕ್ಸ್ ಸರ್ ಎಂದಳು. ಅವಳಿಗೆ ನಿಜಕ್ಕೂ ಜೀವ ಬಂದಂತಾದದ್ದು ದನಿಯಲ್ಲಿ ಗೊತ್ತಾಯಿತು, ಅದಕ್ಕೆ ಅವನಿಗೆ ಇನ್ನಷ್ಟು ಸಂಕಟವಾಯಿತು. ಅವಳು ಹೋಗಲಿಲ್ಲ. ಅವನು ಒದ್ದೆ ಅಂಗೈ ಬಿಡಿಸಿ ಮ್ಯಾಗ್ನೆಟ್ಟನ್ನು ತೋರಿಸಿ, ಕೇಳಿದ್ಯಲ್ಲ, ತಗೋ, ತುಂಬ ಕೊಳೆಯಾಗಿತ್ತು, ತೊಳೆದುಬಿಟ್ಟೆ ಎಂದ. ಅವಳು ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. ಅವನ ಭುಜದ ಪಕ್ಕದಿಂದ ಗೂಡಿನೊಳಗಿನ ಹಳದಿ ಬಟ್ಟಲನ್ನು ನೋಡಿದಳು. ಅವಳ ಮುಖದಲ್ಲಿ ಜಾಣತನವಾಗಲಿ ಗೆದ್ದ ಕಳೆಯಾಗಲಿ ಇರಲಿಲ್ಲ. ಅವಳು ಬರೀ ಕೆಲಸದ ಬಗ್ಗೆ ಯೋಚಿಸುತ್ತಿದ್ದಳು.

"ಪರವಾಗಿಲ್ಲ ಸರ್. ಆ ಆಸಿಡ್ ಮಾತ್ರ ಚೆಲ್ಲಬೇಡಿ. ಬಿಟ್ಟಿದ್ದೆಲ್ಲ ಅದರಲ್ಲೇ ಇರುತ್ತಲ್ಲ, ಅಳೆದ್ರೆ ಎಷ್ಟಿತ್ತು ಅಂತ್ಲೂ ಗೊತ್ತಾಗತ್ತೆ."

ಮೂವತ್ತು ವರ್ಷ ರಸಾಯನಶಾಸ್ತ್ರ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಕರಗಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಮೊದಲ ವರ್ಷದವರಿಗೆ ಅವನೇ ಪಾಠ ಹೇಳುತ್ತಿದ್ದ. ತ್ಯಾಜ್ಯದ ಕ್ಯಾನು ಅವನ ಕಾಲ ಬಳಿಯೇ ಇತ್ತು. ಒಂದು ಕೈ ಬಟ್ಟಲಿಗೆ ಹೋದರೆ ಸಾಕು, ಕೈ ಜಾರಿತು ಎಂದರೂ ಆಗುತ್ತಿತ್ತು, ಆರು ವರ್ಷ ಅಭ್ಯಾಸ ತಪ್ಪಿದ ಕೈ ಎಂದು ಯಾರಾದರೂ ನಂಬುತ್ತಿದ್ದರು. ಅವಳೂ ನಂಬುತ್ತಿದ್ದಳು, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಅವಳು ಆಗಲೇ ಕೋಟಿನ ಜೇಬಿನಿಂದ ಚೀಟಿಗಳ ಸುರುಳಿ ತೆಗೆದು ಒಂದನ್ನು ಹರಿದು ಕಟ್ಟೆಯ ಮೇಲೆ ಅಂಟದಂತೆ ಇಟ್ಟು, ಪಕ್ಕದಲ್ಲಿ ಪೆನ್ನಿಟ್ಟಳು. ತಾನೇ ಬರೆಯಲಿಲ್ಲ. ಮಾಡಿದವರೇ ಬರೆಯಬೇಕು ಎಂಬುದು ಗೋಡೆಯ ಮೇಲಿತ್ತು. ತನ್ನ ತಟ್ಟೆಯತ್ತ ತಿರುಗಿ ಸೀಸೆಗಳನ್ನು ಒಂದೊಂದಾಗಿ ತೊಳೆಯತೊಡಗಿದಳು, ನೀರಿನ ಸದ್ದಿನಲ್ಲಿ ಅವನಿಗೆ ಬೇಕಾದಷ್ಟು ಹೊತ್ತು ಬಿಟ್ಟುಕೊಟ್ಟಂತೆ. ಹಜಾರದ ಆಚೆ ಅವನ ಕೋಣೆಯ ಫೋನು ಹೊಡೆದುಕೊಳ್ಳುತ್ತಿತ್ತು, ಗುಮಾಸ್ತೆ ಇರಬೇಕು. ನಿಂತು, ಮತ್ತೆ ಶುರುವಾಯಿತು. ಅವನು ಕೈಗವಸು ಕಳಚಿದ. ಒಳಗೇನಿದೆ, ಯಾವತ್ತು ಮಾಡಿದ್ದು, ಯಾರು ಮಾಡಿದ್ದು. ಕೆಳಗಿನಿಂದ ಶುರುಮಾಡುವುದು ಸುಲಭವೆನಿಸಿ ಮೊದಲು ತನ್ನ ಹೆಸರು ಬರೆದ. ಅದರ ಮೇಲೆ ಇವತ್ತಿನ ದಿನಾಂಕ ಬರೆದ. ಮೊದಲ ಸಾಲಿಗೆ ಬಂದಾಗ ಪೆನ್ನು ಬಹಳ ಹೊತ್ತು ಚೀಟಿಯ ಮೇಲೆ ನಿಂತಿತು, ಫೋನು ನಿಂತಿತು, ಅವಳು ಕೊನೆಯ ಸೀಸೆಯನ್ನು ಬೋರಲು ಹಾಕಿದಳು. ಆಮೇಲೆ ಅವನು ಹದಿನೇಳು ಎಂದು ಬರೆದು ಬಟ್ಟಲಿಗೆ ಅಂಟಿಸಿದ.